ಕೈಯ ಎತ್ತರಕ್ಕೆ ಬಂದ ತರಕಾರಿ ಸಾಲು: ಬದಿಯಡ್ಕ ಕಡೆಯ ಒಂದು ಹಿತ್ತಿಲಿನ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಗುಡ್ಡದ ಇಳಿಜಾರಿನಲ್ಲಿರುವ ಒಂದು ಮನೆಯ ತರಕಾರಿ ಹಿತ್ತಿಲು ಮತ್ತು ಆ ಹಿತ್ತಿಲನ್ನು ನಲವತ್ತು ವರ್ಷಗಳಿಂದ ನೋಡಿಕೊಂಡು ಬಂದಿರುವ 63 ವರ್ಷದ ಗೃಹಿಣಿಯ ಸೊಂಟ ಹಾಗೂ ಮೊಣಕಾಲು ಈ ಅಧ್ಯಯನದ ವಸ್ತು. ಅವರು ನನ್ನ ತಾಯಿಯ ಅಕ್ಕ. ಆದ್ದರಿಂದ ಬರಹದುದ್ದಕ್ಕೂ ದೊಡ್ಡಮ್ಮ ಎಂದೇ ಕರೆಯುತ್ತೇನೆ. ನಾನು ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದು, ಒಂದು ಜನವರಿಯಿಂದ ಮರುವರ್ಷದ ಜನವರಿಯವರೆಗೆ ಈ ಪ್ರಕರಣವನ್ನು ಹತ್ತಿರದಿಂದ ನೋಡಿದ್ದೇನೆ. ಹೆಸರು ಹಾಕಬಾರದು ಎಂಬ ಒಂದೇ ಷರತ್ತಿನ ಮೇಲೆ ಅವರು ಇದನ್ನು ಬರೆಯಲು ಒಪ್ಪಿದರು.

ಮನೆಯ ಮೇಲ್ಗಡೆ ಗೇರುಮರಗಳ ಗುಡ್ಡ, ಕೆಳಗಡೆ ಅಡಿಕೆ ತೋಟ, ನಡುವಿನ ತಟ್ಟಿನಲ್ಲಿ ಕೆಂಪುಕಲ್ಲಿನ ಮನೆ, ಅಂಗಳ, ದನದ ಹಟ್ಟಿ. ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗದ ನೀರು ಪಂಪಿನ ಹಂಗಿಲ್ಲದೆ ಹರಿದು ಬಂದು ಹಟ್ಟಿಯ ಹಿಂದಿನ ಟಾಂಕಿಗೆ ಬೀಳುತ್ತದೆ. ಟಾಂಕಿಯ ಪಕ್ಕದಿಂದ ಹನ್ನೊಂದು ಮೆಟ್ಟಿಲು ಇಳಿದರೆ ಸುಮಾರು ನಾಲ್ಕು ಸೆಂಟ್ಸ್ ಜಾಗದಲ್ಲಿ ತರಕಾರಿ ಸಾಲುಗಳಿವೆ. ಮಳೆಗಾಲದಲ್ಲಿ ಬೆಂಡೆ, ಅಲಸಂಡೆ, ಹೀರೆ, ಪಡುವಲ, ಮುಳ್ಳುಸೌತೆ. ಮಳೆ ನಿಂತ ಮೇಲೆ ಹರಿವೆ, ಬದನೆ, ಸೌತೆ, ಸಿಹಿಗುಂಬಳ, ಬಸಳೆ. ಮನೆಯ ಖರ್ಚಿಗೆ ಆಗಿ ಮಿಕ್ಕಿದ್ದು ನೆರೆಕರೆಗೆ ಹೋಗುತ್ತದೆ. ದೊಡ್ಡಮ್ಮನಿಗೆ ಈ ನಾಲ್ಕು ಸೆಂಟ್ಸ್ ಎಂದರೆ ಹೊತ್ತು ಕಳೆಯುವ ಹವ್ಯಾಸವಲ್ಲ, ದಿನದ ಆಧಾರ. ಪ್ರಕರಣದಲ್ಲಿ ಮುಂದೆ ತೆಗೆದುಕೊಂಡ ಎಲ್ಲ ತೀರ್ಮಾನಗಳ ಹಿಂದೆ ಈ ಸಂಗತಿ ಇದೆ ಎಂಬುದನ್ನು ಓದುಗರು ಗಮನದಲ್ಲಿಡಬೇಕೆಂದು ಕೋರುತ್ತೇನೆ.

ಬಂದ ದೂರು

ಜನವರಿಯ ಎರಡನೆಯ ವಾರ ನಾನು ಹೋದಾಗ ಅವರು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ನನ್ನನ್ನು ಕಂಡು ಏಳಲು ಹೋಗಿ, ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ತೊಡೆಗೂ ಊರಿ, ಅರ್ಧ ಎದ್ದು, ಅಲ್ಲೇ ಸ್ವಲ್ಪ ಹೊತ್ತು ನಿಂತರು. "ಕೂದರೆ ಏಳ್ಲೆ ಎಡಿತ್ತಿಲ್ಲೆ, ಎದ್ದರೆ ಬಗ್ಗುಲೆ ಎಡಿತ್ತಿಲ್ಲೆ ಮಗಳೇ" ಎಂದರು. ಕುಳಿತರೆ ಏಳಲಾಗದು, ಎದ್ದರೆ ಬಗ್ಗಲಾಗದು ಎಂಬ ಈ ಹವ್ಯಕ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಹೇಳಲ್ಪಟ್ಟಿವೆ ಎಂಬುದು ನನಗೆ ಆ ದಿನ ಹೊಳೆಯಲಿಲ್ಲ. ಅದನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನ ಮೂರು ವಾರಗಳ ಕಷ್ಟ ತಪ್ಪುತ್ತಿತ್ತು.

ಎರಡು ವರ್ಷಗಳಿಂದ ಬಲ ಮೊಣಕಾಲು ನೋವು, ಎಡದ್ದರಲ್ಲಿ ಅದಕ್ಕಿಂತ ಕಡಿಮೆ. ಎಕ್ಸ್‌ರೇಯಲ್ಲಿ ಮೊಣಗಂಟಿನ ಒಳಬದಿಯ ಸಂದು ಕಿರಿದಾಗಿರುವುದು ಕಂಡಿತ್ತು. ವಯಸ್ಸಿನೊಂದಿಗೆ ಬರುವ ಗಂಟು ಸವೆತವೆಂದು ವೈದ್ಯರು ತಿಳಿಸಿದ್ದರು. ಸೊಂಟ ನೋವು ಹೊಸತು, ದೀಪಾವಳಿಯ ಅನಂತರ ಶುರುವಾದದ್ದು. ನೋವು ಕಾಲಿಗೆ ಇಳಿಯುತ್ತಿರಲಿಲ್ಲ, ಪಾದದಲ್ಲಿ ಜೋಮು ಇರಲಿಲ್ಲ, ಬೆರಳು ಮತ್ತು ಹಿಮ್ಮಡಿಯ ಬಲ ಸರಿಯಿತ್ತು. ಕಾಲಿನ ಬಲ ಕುಂದುವುದು, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರದ ಮೇಲಿನ ಹಿಡಿತ ತಪ್ಪುವುದು, ಸೊಂಟ ನೋವಿನೊಂದಿಗೆ ಜ್ವರ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಹಿತ್ತಿಲನ್ನು ಬದಲಿಸುವ ಮಾತು ಬಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಬೇಕು. ದೊಡ್ಡಮ್ಮನಲ್ಲಿ ಇವು ಯಾವುವೂ ಇರಲಿಲ್ಲ.

ಎತ್ತರ 152 ಸೆಂಟಿಮೀಟರ್, ತೂಕ 66 ಕಿಲೋ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಅರ್ಧ ನಿಮಿಷದಲ್ಲಿ ಆರು ಸಲ ಮಾತ್ರ ಮಾಡಲು ಸಾಧ್ಯವಾಯಿತು. ತೊಡೆಯ ಮುಂಭಾಗದ ಸ್ನಾಯು ಸೊರಗಿದೆ ಎಂಬುದಕ್ಕೆ ಇದು ಸಾಕಷ್ಟು ಸಾಕ್ಷಿ.

ಅವರ ಕೈಚೀಲದಲ್ಲಿ ಆಸ್ಪತ್ರೆಯೊಂದು ಕೊಟ್ಟ ವ್ಯಾಯಾಮದ ಹಾಳೆ ಇತ್ತು. ಪೂರ್ತಿ ಮಲಯಾಳದಲ್ಲಿತ್ತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದರೂ ದೊಡ್ಡಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬಾರದು. ಚಿತ್ರ ನೋಡಿ ಅಂದಾಜಿನಲ್ಲಿ ವ್ಯಾಯಾಮ ಮಾಡುತ್ತಿದ್ದರು. ಹಾಗೆ ಮಾಡುವಾಗ, ಮಾಡಬಾರದು ಎಂದು ಅಡ್ಡಗೆರೆ ಎಳೆದು ತೋರಿಸಿದ್ದ, ನಿಂತು ಕಾಲ್ಬೆರಳು ಮುಟ್ಟುವ ಭಂಗಿಯನ್ನೂ ಎರಡು ತಿಂಗಳು ದಿನವೂ ಮಾಡಿದ್ದರು. ಗಡಿನಾಡಿನ ಹಿರಿಯರಿಗೆ ಕೊಡುವ ಒಂದು ಹಾಳೆ ಅವರು ಓದಬಲ್ಲ ಅಕ್ಷರದಲ್ಲಿರಬೇಕಾದದ್ದು ಸೌಜನ್ಯದ ವಿಷಯವಷ್ಟೇ ಅಲ್ಲ, ಚಿಕಿತ್ಸೆಯ ಭಾಗ ಎಂದು ನಾನು ದೃಢವಾಗಿ ನಂಬಿದ್ದೇನೆ. ನಾನಿದನ್ನು ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಆ ಹಾಳೆಯೂ ಒಂದು ಕಾರಣ.

"ಇನ್ನು ತೋಟದ ಕೆಲಸ ಬಿಡಿ" ಎಂಬ ಸಲಹೆಯೂ ಅವರಿಗೆ ಸಿಕ್ಕಿತ್ತು. ಮೊಣಗಂಟು ಸವೆದವರಿಗೆ ಚಲನೆಯೇ ಮೊದಲ ಮದ್ದು. ಕೆಲಸ ನಿಲ್ಲಿಸಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ, ತೂಕ ಏರುತ್ತದೆ, ಗಂಟಿನ ಮೇಲಿನ ಭಾರ ಹೆಚ್ಚುತ್ತದೆ. ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋದಷ್ಟು ಭಾರ ಕಡಿಮೆಯಾಗುತ್ತದೆ ಎಂಬ ಅಳತೆ ಇದೆ. ಏರಿದರೂ ಲೆಕ್ಕ ಅದೇ. ಬಿಡಬೇಕಾದದ್ದು ಕೆಲಸವನ್ನಲ್ಲ, ಕೆಲಸ ಮಾಡುವ ಕೆಲವು ರೀತಿಗಳನ್ನು.

ನನ್ನ ಮೊದಲ ಸಲಹೆ ಮತ್ತು ಅದರ ಪರಿಣಾಮ

ನಾನು ಮೊದಲು ಹೇಳಿದ್ದು ಎಲ್ಲ ಪುಸ್ತಕಗಳಲ್ಲಿರುವ ಮಾತು: ಬೆನ್ನು ಬಗ್ಗಿಸಬೇಡಿ, ಮೊಣಕಾಲು ಮಡಚಿ ಕೂತು ಕೆಲಸ ಮಾಡಿ. ದೊಡ್ಡಮ್ಮ ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಬಾಗಿ ಕೀಳುತ್ತಿದ್ದ ಕಳೆಯನ್ನು ಕುಕ್ಕರುಗಾಲಿನಲ್ಲಿ ಕೂತು ಕೀಳತೊಡಗಿದರು. ಸೊಂಟಕ್ಕೆ ಒಂದಿಷ್ಟು ಹಾಯೆನಿಸಿತು. ಮೂರನೆಯ ವಾರದ ಹೊತ್ತಿಗೆ ಬಲ ಮೊಣಕಾಲು ಬಾತು, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾಯಿತು.

ಕಾರಣ ಸರಳ. ಮೊಣಕಾಲು ಹೆಚ್ಚು ಮಡಚಿದಷ್ಟೂ ಚಿಪ್ಪು ಹಿಂದಿನ ಎಲುಬಿಗೆ ಒತ್ತುವ ಬಲ ಹೆಚ್ಚುತ್ತದೆ. ಪೂರ್ತಿ ಕುಕ್ಕರಿಸಿ ಏಳುವಾಗ ಅದು ದೇಹದ ತೂಕದ ಹಲವು ಪಟ್ಟು ಆಗುತ್ತದೆ. ಗಂಟು ಗಟ್ಟಿಯಿರುವವರಿಗೆ ಇದು ಲೆಕ್ಕಕ್ಕಿಲ್ಲ. ಗಂಟು ಸವೆದವರಿಗೆ ಬೆನ್ನು ಉಳಿಸುವ ಈ ದಾರಿ ಮೊಣಕಾಲನ್ನು ಬಲಿ ಕೊಡುತ್ತದೆ. ನೋವಿರುವುದು ಎರಡೂ ಕಡೆ ಎಂದಾಗ, ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ಏನೂ ಸಾಧಿಸಿದಂತಾಗುವುದಿಲ್ಲ. ನೆಲದ ಮೇಲಿರುವ ಕೆಲಸಕ್ಕೆ ದೇಹ ಇಳಿಯಲೇಬೇಕು, ಬೆನ್ನಿನಿಂದಾದರೂ ಇಳಿಯಬೇಕು, ಮೊಣಕಾಲಿನಿಂದಾದರೂ ಇಳಿಯಬೇಕು. ಆದ್ದರಿಂದ ಕೆಲಸವನ್ನೇ ಮೇಲೆ ತರುವುದು ಬಿಟ್ಟರೆ ಬೇರೆ ದಾರಿಯಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು, ಬಾತ ಆ ಮೊಣಕಾಲಿಗೆ ತಣ್ಣೀರು ಬಟ್ಟೆ ಸುತ್ತುತ್ತಿದ್ದ ಸಂಜೆ.

ಒಂದು ದಿನದ ಲೆಕ್ಕ

ಬಾವು ಇಳಿದ ಮೇಲೆ ಒಂದು ಇಡೀ ದಿನ ನೋಟ್‌ಬುಕ್ ಮತ್ತು ಗಡಿಯಾರ ಹಿಡಿದು ಅವರ ಹಿಂದೆ ಸುತ್ತಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದು. ಚಿಕಿತ್ಸಾ ಕೊಠಡಿಯಲ್ಲಿ ಎಷ್ಟು ಪ್ರಶ್ನೆ ಕೇಳಿದ್ದರೂ ಇಷ್ಟು ತಿಳಿಯುತ್ತಿರಲಿಲ್ಲ.

ಆರೂಕಾಲಕ್ಕೆ ಎದ್ದವರು ಏಳು ಗಂಟೆಯ ಮೊದಲೇ ಹಿತ್ತಿಲಿನಲ್ಲಿದ್ದರು. ಟಾಂಕಿಯಲ್ಲಿ ಕೊಡಪಾನ ಅದ್ದಿ, ಸೊಂಟಕ್ಕೇರಿಸಿ, ಹನ್ನೊಂದು ಮೆಟ್ಟಿಲಿಳಿದು, ಗಿಡದ ಬುಡದಲ್ಲಿ ಕೊಡಪಾನ ಇಳಿಸಿ, ಬಗ್ಗಿ ಬಗ್ಗಿ ಚೆಂಬಿನಿಂದ ನೀರು ಹನಿಸಿ, ಮತ್ತೆ ಮೇಲೆ. ಕೊಡಪಾನಕ್ಕೆ 12 ಲೀಟರ್ ನೀರು ಹಿಡಿಯುತ್ತದೆ, ಎಂದರೆ ಪಾತ್ರೆಯ ತೂಕ ಬಿಟ್ಟು 12 ಕಿಲೋ. ಆ ಬೆಳಿಗ್ಗೆ ಹದಿನೆಂಟು ಸಲ ಹೋಗಿ ಬಂದರು. ಹತ್ತಿದ್ದು 198 ಮೆಟ್ಟಿಲು, ಭಾರ ಹೊತ್ತು ಇಳಿದದ್ದು 198 ಮೆಟ್ಟಿಲು. ಸವೆದ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಇಲ್ಲಿ ಇಳಿಯುವಾಗಲೇ ಭಾರವೂ ಇತ್ತು, ಅದೂ ಯಾವಾಗಲೂ ಎಡ ಸೊಂಟದ ಮೇಲೆ.

ನೀರು ಹಾಕಿದ ಬೆನ್ನಿಗೆ ಹರಿವೆ ಸಾಲಿನ ಕಳೆ. ನಾಲ್ಕು ಇಂಚು ಎತ್ತರದ ಮಣೆಯ ಮೇಲೆ ಕೂತು, ಮುಂದಕ್ಕೆ ಬಾಗಿ, ಮೂವತ್ತೈದು ನಿಮಿಷ ತಲೆ ಎತ್ತಲಿಲ್ಲ. ಅದು ಮುಗಿದ ಕೂಡಲೇ ಒದ್ದೆ ಕಳೆ ತುಂಬಿದ ಹೆಡಗೆಯನ್ನು ನೆಲದಿಂದ ಎತ್ತಿ ಹಟ್ಟಿಗೆ ಒಯ್ದರು. ಎತ್ತುವ ಆ ಗಳಿಗೆಯಲ್ಲಿ ಅವರ ಮುಖ ಕಿವಿಚಿದ್ದನ್ನು ನಾನು ನೋಡಿದೆ. ಸೊಂಟ ಎಲ್ಲಿ ಕೆಡುತ್ತಿದೆ ಎಂಬುದು ಅಲ್ಲಿ ಸಿಕ್ಕಿತು.

ಇದಕ್ಕೆ ಸ್ವಲ್ಪ ವಿವರಣೆ ಬೇಕು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಎಂಬ ಮೆತ್ತೆ ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತದೆ. ಎದ್ದ ಮೊದಲ ಒಂದೆರಡು ಗಂಟೆ ಅದು ಬಿಗಿಯಾಗಿರುವುದರಿಂದ ಬಗ್ಗಿದಾಗ ಬೀಳುವ ಒತ್ತಡ ಹಗಲಿಗಿಂತ ಹೆಚ್ಚು. ಎರಡನೆಯದಾಗಿ, ಬಹಳ ಹೊತ್ತು ಬಾಗಿಯೇ ಇದ್ದರೆ ಬೆನ್ನಿನ ಹಿಂಭಾಗದ ಕಟ್ಟುನಾರುಗಳು ನಿಧಾನವಾಗಿ ಹಿಗ್ಗುತ್ತವೆ, ಮತ್ತು ನೆಟ್ಟಗಾದ ಕೂಡಲೇ ಅವು ಮೊದಲಿನಂತಾಗುವುದಿಲ್ಲ. ಅರ್ಧ ಗಂಟೆ ಕಳೆದರೂ ಒಂದಿಷ್ಟು ಸಡಿಲ ಉಳಿದಿರುತ್ತದೆ. ಆ ಸಡಿಲದ ಹೊತ್ತಿನಲ್ಲಿ ಭಾರ ಎತ್ತಿದರೆ ಬೆನ್ನಿಗೆ ಆಸರೆ ಕಡಿಮೆ. ಮೂರನೆಯದು ಭಾರ ಎತ್ತುವ ರೀತಿ. ಜರ್ಮನಿಯ ಸಂಶೋಧಕರು ಒಬ್ಬ ವ್ಯಕ್ತಿಯ ಡಿಸ್ಕಿನೊಳಗೆ ಸೂಕ್ಷ್ಮ ಮಾಪಕ ಇರಿಸಿ ಮಾಡಿದ ಅಳತೆ 1999ರಲ್ಲಿ ಪ್ರಕಟವಾಗಿದೆ. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್ ಇದ್ದ ಒತ್ತಡ, 20 ಕಿಲೋ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1, ಬೆನ್ನು ಗೂನಾಗಿಸಿ ನೆಲದಿಂದ ಎತ್ತಿದಾಗ 2.3 ಆಗಿತ್ತು. ದೊಡ್ಡಮ್ಮನ ದಿನಚರಿಯಲ್ಲಿ ಈ ಮೂರೂ ಒಂದರ ಹಿಂದೆ ಒಂದು, ಎದ್ದ ಎರಡು ಗಂಟೆಯೊಳಗೆ ಬಂದುಬಿಡುತ್ತಿದ್ದವು. ಕಳೆ ಕೀಳುವುದಾಗಲಿ ಹೆಡಗೆ ಎತ್ತುವುದಾಗಲಿ ಬೇರೆ ಬೇರೆಯಾಗಿ ನೋಡಿದರೆ ಅಷ್ಟು ದೊಡ್ಡ ಅಪರಾಧಿಗಳಲ್ಲ. ಅವು ಬಂದ ಕ್ರಮ ಕೆಟ್ಟದಾಗಿತ್ತು.

ಮಧ್ಯಾಹ್ನದ ಮೇಲೆ ಅಡಿಕೆ ಹೆಕ್ಕುವುದು, ಮೆಟ್ಟುಕತ್ತಿಯಲ್ಲಿ (ಈಳಿಗೆಯಲ್ಲಿ) ತರಕಾರಿ ಹೆಚ್ಚುವುದು, ನೆಲದಲ್ಲಿ ಕೂತು ಊಟ, ಎಲ್ಲವೂ ನೆಲಮಟ್ಟದವು. ಹಿತ್ತಿಲಿನಲ್ಲಿ ದಣಿದ ಗಂಟಿಗೆ ಮನೆಯೊಳಗೂ ಬಿಡುವಿರಲಿಲ್ಲ.

ಅಳತೆಕೋಲು

ಮೊದಲು ಮಾಡಿದ್ದು ಒಂದು ಅಳತೆಕೋಲು. ಅಡಿಕೆ ಮರದ ಸೀಳೊಂದನ್ನು ನಯ ಮಾಡಿ, ದೊಡ್ಡಮ್ಮನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕತ್ತಿಯಿಂದ ಎರಡು ಗೀರು ಹಾಕಿದೆ. ಒಂದು ಮೊಣಕಾಲಿನ ಮೇಲಂಚಿಗೆ, 45 ಸೆಂಟಿಮೀಟರ್. ಇನ್ನೊಂದು ಮೊಣಕೈಗೆ, 95 ಸೆಂಟಿಮೀಟರ್. ಕೈಯ ಕೆಲಸವೆಲ್ಲ ಈ ಎರಡು ಗೀರುಗಳ ನಡುವೆ ನಡೆಯಬೇಕು ಎಂಬುದು ನಾವು ಮಾಡಿಕೊಂಡ ಕಟ್ಟುಪಾಡು. ಕೋಲು ಹಿಡಿದು ಹಿತ್ತಿಲು ಸುತ್ತಿದಾಗ ಗಿಡಗಳು ತಾವಾಗಿಯೇ ಗುಂಪುಗೂಡಿದವು.

ಬೆಂಡೆಯ ಬುಡ ನೆಲದಲ್ಲಿದ್ದರೂ ಕಾಯಿ ಬಿಡುವುದು ಸೊಂಟದ ಮಟ್ಟದಲ್ಲಿ. ಬದನೆಯದೂ ಹೆಚ್ಚುಕಡಿಮೆ ಹಾಗೆಯೇ. ಅವುಗಳನ್ನು ಎತ್ತರಿಸುವ ಅಗತ್ಯವೇ ಇಲ್ಲ, ಎಳೆಯದರಲ್ಲಿ ಕಳೆ ಬಾರದಂತೆ ನೋಡಿಕೊಂಡರೆ ಸಾಕು. ಹರಿವೆಯಂಥ ಸೊಪ್ಪು ಮತ್ತು ಸಸಿ ಮಡಿ ನೆಲಕ್ಕೆ ಅಂಟಿಕೊಂಡಿರುತ್ತವೆ, ದಿನವೂ ಕೈ ಬೇಡುತ್ತವೆ. ಮೇಲೆ ಬರಬೇಕಾದವು ಇವೇ. ಸಿಹಿಗುಂಬಳ ನೆಲದಲ್ಲಿ ಹಬ್ಬುತ್ತದೆ, ಆದರೆ ಕೊಯ್ಲು ಅಪರೂಪ; ಅದನ್ನು ಅಣ್ಣ, ಎಂದರೆ ದೊಡ್ಡಮ್ಮನ ಮಗ, ಕೊಯ್ದು ತರುತ್ತಾನೆ. ಎತ್ತರದ ಮಡಿಯ ವಿಷಯ ಬಂದಾಗ ಹಿತ್ತಿಲನ್ನೆಲ್ಲ ಎತ್ತರಿಸಬೇಕೆಂದು ಭಾವಿಸಿ, ಖರ್ಚಿಗೆ ಹೆದರಿ ಕೈಬಿಡುವವರನ್ನು ನಾನು ನೋಡಿದ್ದೇನೆ. ಇಲ್ಲಿ ನಾಲ್ಕು ಸೆಂಟ್ಸಿನಲ್ಲಿ ಎತ್ತರಕ್ಕೆ ಬಂದದ್ದು ಎರಡೇ ಮಡಿಗಳು.

ಮಾಡಿದ ಬದಲಾವಣೆಗಳು

ನೀರಿನಿಂದ ಆರಂಭಿಸಿದೆವು. ಹನ್ನೊಂದು ಮೆಟ್ಟಿಲು ಎಂದರೆ ಸುಮಾರು ಎರಡು ಮೀಟರ್ ಎತ್ತರ. ಟಾಂಕಿ ಮೇಲಿದೆ, ಗಿಡ ಕೆಳಗಿದೆ. ಸುರಂಗದಿಂದ ಟಾಂಕಿಯವರೆಗೆ ತಾನಾಗಿ ಹರಿದು ಬಂದ ನೀರನ್ನು ಅಲ್ಲಿಂದ ಮುಂದೆ ಮನುಷ್ಯರು ಹೊತ್ತು ಇಳಿಸುತ್ತಿದ್ದರು ಎಂಬುದು ಪೈಪು ಜೋಡಿಸಿದ ಮೇಲೆ ಎಲ್ಲರಿಗೂ ವಿಚಿತ್ರವಾಗಿ ಕಂಡಿತು. ಟಾಂಕಿಯ ಬುಡಕ್ಕೆ ಒಂದು ಇಂಚಿನ ಪೈಪು ಕೂರಿಸಿ, ಹಿತ್ತಿಲಿನ ನಡುವೆ ಸೊಂಟದ ಎತ್ತರದಲ್ಲಿ ಒಂದು ನಲ್ಲಿ ಇಟ್ಟು, ಅದಕ್ಕೆ ಮೆದು ಪೈಪು ಸಿಕ್ಕಿಸಲಾಯಿತು. ಇಷ್ಟು ಎತ್ತರದ ನೀರಿಗೆ ಸಿಗುವ ಒತ್ತಡ ಸುಮಾರು 0.2 ಬಾರ್ ಮಾತ್ರ. ಸಾಮಾನ್ಯ ಹನಿ ನೀರಾವರಿಯ ಸಲಕರಣೆಗೆ ಅದು ಸಾಲದು, ಕೈಯಲ್ಲಿ ಹಿಡಿದು ಬುಡಕ್ಕೆ ಬಿಡಲು ಧಾರಾಳ ಸಾಕು. ಮೆದು ಪೈಪಿನ ತುದಿಯನ್ನು ಮೂರಡಿ ಉದ್ದದ ಬಿದಿರುಕಡ್ಡಿಗೆ ಬಾಳೆನಾರಿನಿಂದ ಕಟ್ಟಿದ್ದು ದೊಡ್ಡಮ್ಮನೇ. ಕಡ್ಡಿಯ ತುದಿಯನ್ನು ಬುಡಕ್ಕೆ ತೋರಿಸಿದರಾಯಿತು, ನೇರ ನಿಂತೇ ನೀರು ಬಿಡಬಹುದು. ಹದಿನೆಂಟು ಕೊಡಪಾನ ಆ ದಿನದಿಂದ ನಿಂತವು. ಇಡೀ ಪ್ರಕರಣದಲ್ಲಿ ಒಂದೇ ಬದಲಾವಣೆ ಮಾಡಬೇಕೆಂದಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ.

ಮಡಿಗಳಿಗೆ ಹಳೆಯ ಹಟ್ಟಿಯ ಗೋಡೆಯಿಂದ ಬಿದ್ದಿದ್ದ ಕೆಂಪುಕಲ್ಲು ಸಾಕಾಯಿತು. ಮೂರು ವರಸೆ ಕಲ್ಲಿಟ್ಟಾಗ 58 ಸೆಂಟಿಮೀಟರ್ ಎತ್ತರ ಬಂತು. ಹರಿವೆ ಒಂದು ಗೇಣು ಬೆಳೆದಾಗ ಕೈ ಕೆಲಸ ಮಾಡುವ ಜಾಗ 80ರ ಸುಮಾರಿಗೆ ಬರುತ್ತದೆ, ಮೊಣಕೈಯ ಗೀರಿಗಿಂತ ತುಸು ಕೆಳಗೆ, ತಕ್ಕ ಎತ್ತರ. ಅಗಲದ ವಿಷಯದಲ್ಲಿ ಅವಸರ ಮಾಡಬಾರದು. ಮಡಿ ಎತ್ತರವಿದ್ದು ಅಗಲ ಜಾಸ್ತಿಯಾದರೆ ಆಚೆ ತುದಿಗೆ ಕೈ ಚಾಚಲು ಮತ್ತೆ ಸೊಂಟ ಬಾಗಿಸಬೇಕಾಗುತ್ತದೆ, ಕಲ್ಲಿಟ್ಟ ಶ್ರಮ ವ್ಯರ್ಥವಾಗುತ್ತದೆ. ಗೋಡೆಗೆ ಒರಗಿದ ಮಡಿಯನ್ನು ಎರಡು ಅಡಿ ಅಗಲಕ್ಕೆ ನಿಲ್ಲಿಸಿದೆವು. ಎರಡೂ ಬದಿಯಿಂದ ಹೋಗಿ ಬರಬಹುದಾದ ಇನ್ನೊಂದನ್ನು ನಾಲ್ಕು ಅಡಿಗೆ. ಕೆಳಗಿನ ವರಸೆಯ ಕಲ್ಲನ್ನು ಎರಡು ಇಂಚು ಒಳಕ್ಕೆ ಸರಿಸಿ ಪಾದ ಹೋಗುವಷ್ಟು ಜಾಗ ಬಿಟ್ಟದ್ದು ಚಿಕ್ಕ ಸಂಗತಿ, ಆದರೆ ಅದರಿಂದ ಮಡಿಗೆ ಒತ್ತಿಕೊಂಡು ನಿಲ್ಲಲು ಸಾಧ್ಯವಾಯಿತು.

ಇಷ್ಟು ಆಳಕ್ಕೆ ಮಣ್ಣು ತುಂಬುವುದೆಂದರೆ ಹೊತ್ತು ಸೊಂಟ ಮುರಿಯುವ ಕೆಲಸ, ಸೊಪ್ಪಿಗೆ ಅಷ್ಟು ಮಣ್ಣು ಬೇಕಾಗಿಯೂ ಇಲ್ಲ. ತಳಕ್ಕೆ ತೆಂಗಿನಕಾಯಿ ಸಿಪ್ಪೆಯನ್ನು ಬಟ್ಟಲಿನ ಮುಖ ಮೇಲಾಗಿ ಎರಡು ಪದರ ಹಾಸಿದೆವು. ನೀರು ಹಿಡಿದಿಡಲು ತೆಂಗಿನ ತೋಟಗಳಲ್ಲಿ ಸಿಪ್ಪೆ ಹೂಳುವ ಪದ್ಧತಿ ನಮ್ಮ ಜಿಲ್ಲೆಯವರಿಗೆ ಹೊಸತೇನಲ್ಲ. ಅದರ ಮೇಲೆ ತರಗೆಲೆ, ಹಸಿ ಸೊಪ್ಪು, ಕೊನೆಗೆ ಒಂದಡಿ ದಪ್ಪ ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿದ ಮಣ್ಣು.

ಸರಕಾರಿ ಕೃಷಿ ಕಚೇರಿಯಾದ ಕೃಷಿಭವನದಿಂದ ಹಿಂದೆ ತಂದ ಗ್ರೋಬ್ಯಾಗುಗಳು, ಎಂದರೆ ಗಿಡ ಬೆಳೆಸುವ ಚೀಲಗಳು, ಟೆರೇಸಿನಲ್ಲಿದ್ದವು. ಬೆನ್ನಿಗೆ ಸುಲಭವೆಂದು ಟೆರೇಸಿನ ಕೃಷಿಯನ್ನು ಅನೇಕರು ಹೊಗಳುತ್ತಾರೆ, ಮೊಣಗಂಟು ಸವೆದವರಿಗೆ ಮೆಟ್ಟಿಲೇ ಶತ್ರು. ಅವುಗಳನ್ನು ಇಳಿಸಿ ಅಂಗಳದ ಅಂಚಿನ ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಅದರ ಎದುರು 45 ಸೆಂಟಿಮೀಟರ್ ಎತ್ತರದ ಮರದ ಸ್ಟೂಲು. ನಾಲ್ಕು ಇಂಚಿನ ಮಣೆಯಿಂದ ಏಳುವುದಕ್ಕೂ ಮೊಣಕಾಲಿನ ಎತ್ತರದ ಆಸನದಿಂದ ಏಳುವುದಕ್ಕೂ ಗಂಟು ಪಡುವ ಶ್ರಮದಲ್ಲಿ ಇರುವ ವ್ಯತ್ಯಾಸವನ್ನು ತಿಳಿಯಬೇಕಾದವರು ಒಂದೊಂದು ಸಲ ಎರಡನ್ನೂ ಮಾಡಿ ನೋಡಿದರೆ ಸಾಕು. ಮೊಣಕಾಲೂರಿ ಕೆಲಸ ಮಾಡಲು ಗೋಣಿಯ ಮೆತ್ತೆಯನ್ನೂ ಹೊಲಿದು ಕೊಟ್ಟಿದ್ದೆ. ಎರಡು ದಿನ ಬಳಸಿ, ಚಿಪ್ಪಿನ ಕೆಳಗೆ ನೋಯುತ್ತದೆಂದು ಅವರು ಅದನ್ನು ಬಿಟ್ಟರು. ಕೆಲವರಿಗೆ ಅದು ಹಿತವಾಗುತ್ತದೆ, ಇವರಿಗೆ ಆಗಲಿಲ್ಲ.

ಚಪ್ಪರದ ವಿಷಯದಲ್ಲಿ ನನ್ನ ಅಂದಾಜು ಅರ್ಧ ತಪ್ಪಿತು. ಬಳ್ಳಿಯನ್ನು ಮೇಲೇರಿಸಿದರೆ ಬಗ್ಗುವ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ. ಆದರೆ ಅವರ ಬಸಳೆ ಚಪ್ಪರ ಮೂರೂವರೆ ಅಡಿ ಎತ್ತರದ್ದು, ಅದರ ಅಡಿಗೆ ನುಗ್ಗಿ ದಂಟು ಕೊಯ್ಯಲು ಮೈಯನ್ನು ಎರಡಾಗಿ ಮಡಚಬೇಕಿತ್ತು. ಪಡುವಲದ ಚಪ್ಪರ ಆರಡಿ ಮೇಲೆ, ಅಲ್ಲಿ ಕತ್ತು ಹಿಂದಕ್ಕೆ ವಾಲಿಸಿ ಭುಜದ ಮೇಲೆ ಕೈ ಎತ್ತಿಯೇ ಇರಬೇಕು. ಅಡ್ಡ ಚಪ್ಪರದ ಬದಲು, ಗೋಡೆಗೆ ಏಣಿ ಒರಗಿಸಿದ ಹಾಗೆ ಓರೆಯಾಗಿ ಬಲೆ ಕಟ್ಟಿ ಮುಳ್ಳುಸೌತೆ, ಹೀರೆ, ಅಲಸಂಡೆಗಳನ್ನು ಹಬ್ಬಿಸಿದೆವು. ಕಾಯಿಗಳು ಬಲೆಯ ಅಡಿಬದಿಯಲ್ಲಿ ಎದೆಮಟ್ಟದಿಂದ ಸೊಂಟದವರೆಗೆ ಜೋತು ಬಿದ್ದವು, ಕೊಯ್ಯಲು ಸಲೀಸಾಯಿತು. ಬಸಳೆಗೆ ಮಾತ್ರ ದೊಡ್ಡಮ್ಮ ಹಳೆಯ ಚಪ್ಪರವೇ ಬೇಕೆಂದರು. ಹೊರ ಅಂಚಿನ ದಂಟುಗಳನ್ನಷ್ಟೇ ತಾವು ಕೊಯ್ಯುವುದು, ಒಳಗಿನದನ್ನು ಸೊಸೆ ಕೊಯ್ಯುವುದು ಎಂದು ಒಪ್ಪಂದವಾಯಿತು.

ಹತ್ಯಾರುಗಳಲ್ಲಿ ಗಿಡ್ಡ ಹಿಡಿಯ ಹಾರೆಯನ್ನು (ಗುದ್ದಲಿಯನ್ನು) ಕಮ್ಮಾರನಲ್ಲಿ ಕೊಟ್ಟು, ಅಲಗನ್ನು ಕಿರಿದಾಗಿಸಿ, ಭುಜದ ಮಟ್ಟಕ್ಕೆ ಬರುವ ಉದ್ದದ ಹಿಡಿ ಹಾಕಿಸಲಾಯಿತು. ಬೀಜ ಹಾಕಲು ಒಂದು ಇಂಚಿನ ಪಿವಿಸಿ ಪೈಪಿನ ತುಂಡು: ಒಂದು ತುದಿಯನ್ನು ಗುಳಿಗೆ ಊರಿ, ಮೇಲಿನಿಂದ ಅಲಸಂಡೆ ಬೀಜ ಬಿಟ್ಟರೆ ಸರ್ರನೆ ಜಾರಿ ಬೀಳುತ್ತದೆ, ಕಾಲಿನಿಂದ ಮಣ್ಣು ಸರಿಸಿ ಮುಚ್ಚಿದರಾಯಿತು. ಸಾಲಿನ ನಡುವೆ ಅಡಿಕೆ ಸೋಗೆ ಮತ್ತು ತರಗೆಲೆಯ ದಪ್ಪ ಮುಚ್ಚಿಗೆ ಹಾಕಿದ ಮೇಲೆ ಕಳೆಯ ಕೆಲಸ ಕಾಲು ಭಾಗಕ್ಕೆ ಇಳಿಯಿತು.

ಈ ಎಲ್ಲಕ್ಕೂ ಖರ್ಚು ಅಲ್ಪಸ್ವಲ್ಪವಾದರೂ ಇದೆ. ಕಾಸಿನ ಖರ್ಚಿಲ್ಲದ್ದು ಕೆಲಸದ ಕ್ರಮ ಬದಲಿಸುವುದು, ಮತ್ತು ಅದನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ಎದ್ದ ಮೊದಲ ಒಂದೂವರೆ ಗಂಟೆಯಲ್ಲಿ ನಿಂತು ಮಾಡುವ ಕೆಲಸ ಮಾತ್ರ: ನೀರು ಬಿಡುವುದು, ಬಲೆಯ ಕಾಯಿ ಕೊಯ್ಯುವುದು. ಬಗ್ಗಬೇಕಾದ ಕೆಲಸವಿದ್ದರೆ ಎಂಟೂವರೆಯ ಮೇಲೆ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸೊಂಟಕ್ಕೆ ಕೈಕೊಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ, ಒಂದು ಸುತ್ತು ನಡೆದು ಬಳಿಕ ಮುಂದುವರಿಸುವುದು. ಬಾಗಿದ ಕೆಲಸ ಮುಗಿದ ಕೂಡಲೇ ಭಾರ ಎತ್ತುವಂತಿಲ್ಲ. ಹೆಡಗೆಯನ್ನು ಅರ್ಧ ಮಾತ್ರ ತುಂಬಿಸಿ, ನೆಲದಲ್ಲಿಡದೆ ಕಟ್ಟೆಯ ಮೇಲಿಟ್ಟು, ಅಲ್ಲಿಂದ ಮೈಗೆ ಒತ್ತಿ ಹಿಡಿದು ಒಯ್ಯುವುದು. ಮೆಟ್ಟಿಲಿಗೆ ಅಡಿಕೆ ಮರದ ಕೈತಾಂಗು ಕಟ್ಟಿ, ಹತ್ತುವಾಗ ನೋವು ಕಡಿಮೆಯಿರುವ ಎಡಗಾಲು ಮುಂದು, ಇಳಿಯುವಾಗ ಬಲಗಾಲು ಮುಂದು ಎಂದು ರೂಢಿ ಮಾಡಿಸಿದೆ.

ವ್ಯಾಯಾಮಗಳು ಮೂರೇ. ಮಲಗಿ ಕಾಲನ್ನು ನೇರವಾಗಿ ಒಂದಡಿ ಎತ್ತಿ ಐದು ಎಣಿಸುವುದು, ಕುರ್ಚಿಯಿಂದ ಎದ್ದು ಕೂರುವುದು, ಬೆನ್ನು ನೆಟ್ಟಗಿಟ್ಟು ಸೊಂಟದ ಕೀಲಿನಿಂದ ಮುಂದೆ ವಾಲುವುದು. ಕೊನೆಯದನ್ನು ಕಲಿಸಲು ಅವರ ಬೆನ್ನಿಗೆ ಅಳತೆಕೋಲನ್ನೇ ಹಿಡಿದೆ: ತಲೆ, ಬೆನ್ನು, ಪೃಷ್ಠ ಮೂರೂ ಕೋಲಿಗೆ ತಾಗಿರುವಂತೆ ವಾಲಬೇಕು. ಮೂರನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ.

ಮಳೆಗಾಲದ ಪರೀಕ್ಷೆ

ಬೇಸಿಗೆಯಲ್ಲಿ ಗೆದ್ದ ವ್ಯವಸ್ಥೆ ನಮ್ಮ ಮಳೆಗೆ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಎತ್ತರದ ಮಡಿಯ ಮಣ್ಣು ಒಂದು ಗೇಣು ಕುಸಿಯಿತು, ಅಡಿಯ ಸೊಪ್ಪು ಕೊಳೆತು ಇಳಿದದ್ದರಿಂದ. ಗೊಬ್ಬರದ ಸಾರ ಕಲ್ಲಿನ ಸಂದಿಯಿಂದ ಕಂದು ನೀರಾಗಿ ಹರಿದುಹೋಯಿತು. ಮುಚ್ಚಿಗೆಯ ಅಡಿಯಲ್ಲಿ ಬಸವನಹುಳ ತುಂಬಿಕೊಂಡು ಎಳೆ ಸಸಿಗಳನ್ನು ತಿಂದವು. ಮಳೆ ಜೋರಿರುವ ಎರಡು ತಿಂಗಳು ಬುಡದಿಂದ ಒಂದು ಗೇಣು ದೂರಕ್ಕೆ ಮುಚ್ಚಿಗೆ ಸರಿಸಬೇಕಾಯಿತು. ಸೋಗೆಯ ರಾಶಿಗೆ ಕೈ ಹಾಕುವ ಮೊದಲು ಉದ್ದ ಹಿಡಿಯ ಹಾರೆಯಿಂದ ಕೆದಕಿ ಹಾವಿಲ್ಲವೆಂದು ನೋಡುವುದು ಕಡ್ಡಾಯವಾಯಿತು.

ಇವೆಲ್ಲಕ್ಕಿಂತ ನನಗೆ ಭಯವಿದ್ದದ್ದು ಪಾಚಿಯದ್ದು. ಗಂಟು ದುರ್ಬಲವಿರುವವರು ಕೆಂಪುಕಲ್ಲಿನ ಮೆಟ್ಟಿಲಿನಲ್ಲಿ ಒಮ್ಮೆ ಜಾರಿದರೆ ವರ್ಷದ ಪ್ರಯತ್ನವೆಲ್ಲ ಮಣ್ಣುಪಾಲು. ಅಂಗಳದಿಂದ ಮಡಿಯವರೆಗೆ ಅಡಿಕೆ ಮರದ ಸೀಳುಗಳನ್ನು ಹಾಸಿ, ಮೆಟ್ಟಿಲನ್ನು ವಾರಕ್ಕೊಮ್ಮೆ ತಿಕ್ಕುವ ಕೆಲಸವನ್ನು ಅಣ್ಣ ವಹಿಸಿಕೊಂಡ. ಆದರೂ ಆಗಸ್ಟಿನಲ್ಲಿ ದೊಡ್ಡಮ್ಮ ಒಮ್ಮೆ ಜಾರಿದರು. ಕೈತಾಂಗು ಹಿಡಿದಿದ್ದರಿಂದ ಬೀಳಲಿಲ್ಲ.

ವರ್ಷದ ಕೊನೆಗೆ

ಮರುವರ್ಷದ ಜನವರಿಯಲ್ಲಿ ಅದೇ ಕುರ್ಚಿ ಇಟ್ಟು ಎಣಿಸಿದಾಗ ಅರ್ಧ ನಿಮಿಷದಲ್ಲಿ ಹನ್ನೊಂದು ಸಲ ಎದ್ದು ಕೂತರು. ತೂಕ 62 ಕಿಲೋ. ಸೊಂಟ ನೋವು ಮೇ ತಿಂಗಳ ಹೊತ್ತಿಗೇ ಬಹುಮಟ್ಟಿಗೆ ಹೋಗಿತ್ತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಾತ್ರ ಸಂಜೆ ಮರುಕಳಿಸುತ್ತದೆ. ಅಡಿಕೆ ಹೆಕ್ಕಲು ಮೇಜು ಹಾಕಿದ್ದೇವೆ, ಆದರೆ ನಾಲ್ಕು ಜನ ಸುತ್ತ ಕೂತು ಮಾತಾಡುತ್ತ ಹೆಕ್ಕುವಾಗ ತಾವೊಬ್ಬರೇ ಎತ್ತರದಲ್ಲಿ ಕೂರುವುದು ಅವರಿಗೆ ಸರಿಬರುವುದಿಲ್ಲ. ಅದನ್ನು ನಾನು ಒತ್ತಾಯಿಸಿಲ್ಲ. ಮೆಟ್ಟುಕತ್ತಿಯನ್ನು ಮೇಜಿನ ಅಂಚಿಗೆ ಹಿಡಿಕೆ ಬಿಗಿದು ಕೂರಿಸಿದ್ದು ಮಾತ್ರ ಅವರಿಗೆ ಒಪ್ಪಿಗೆಯಾಗಿದೆ.

ಬಲ ಮೊಣಕಾಲು ಪೂರ್ತಿ ಸರಿಯಾಗಿಲ್ಲ. ಸವೆದ ಗಂಟು ಮೊದಲಿನಂತಾಗುವುದಿಲ್ಲ, ಹಾಗಾಗುತ್ತದೆಂದು ನಾನು ಅವರಿಗೆ ಹೇಳಿಯೂ ಇರಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ಈಗಲೂ ನೋಯುತ್ತದೆ, ಅಡಿಕೆ ತೋಟಕ್ಕೆ ಇಳಿಯುವುದನ್ನು ವಾರಕ್ಕೆ ಎರಡು ಸಲಕ್ಕೆ ಇಳಿಸಿದ್ದಾರೆ. ಬಾವು ಮಾತ್ರ ಆ ಫೆಬ್ರವರಿಯ ಅನಂತರ ಮತ್ತೆ ಬಂದಿಲ್ಲ.

ಕಳೆದ ತಿಂಗಳು ಕುಂಬಳೆಯಲ್ಲಿರುವ ತಂಗಿಯ ಮನೆಗೆ, ಎಂದರೆ ನಮ್ಮ ಚಿಕ್ಕಮ್ಮನಲ್ಲಿಗೆ, ದೊಡ್ಡಮ್ಮ ಅಳತೆಕೋಲನ್ನು ಬಸ್ಸಿನಲ್ಲಿ ಒಯ್ದರು. ಅಲ್ಲಿಯೂ ಒಂದು ಹರಿವೆ ಮಡಿ ಕಟ್ಟಿಸುವ ಯೋಚನೆಯಿತ್ತು. ಕಲ್ಲು ಬಂದು ಬಿದ್ದಿತ್ತು, ಮೂರು ವರಸೆಗೆ ಲೆಕ್ಕ ಹಾಕಿ ತರಿಸಿದ್ದರು. ದೊಡ್ಡಮ್ಮ ತಂಗಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ ಕೋಲು ಹಿಡಿದಾಗ ಚಿಕ್ಕಮ್ಮನ ಮೊಣಕೈ ಗೀರಿಗಿಂತ ನಾಲ್ಕು ಬೆರಳು ಮೇಲಿತ್ತು. ಕೋಲಿಗೆ ಹೊಸ ಗೀರು ಹಾಕಿ, ಇನ್ನೊಂದು ವರಸೆ ಕಲ್ಲಿಗೆ ಹೇಳಿ ಕಳುಹಿಸಿದರು.